ಸಂಗ್ರಹಜಾಲದ ಆರೋಗ್ಯ ಮತ್ತು ಎಚ್ಚರಿಕೆಯ ಕ್ರಮ

ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಬಳಿಕ ಪುನಃ ಹರಿದುದು 2022ರಲ್ಲಿ. ನಡುವೆ 89 ವರ್ಷ ಕೋಡಿ ಹರಿಯಲಿಲ್ಲವೆಂದು ನೀರಿನ ಮಟ್ಟ ಅಳೆಯುವುದನ್ನು ಬಿಡಲಾದೀತೆ?

ದತ್ತಾಂಶ ಸಂಗ್ರಹಕ್ಕೂ ಇದೇ ನ್ಯಾಯ. ಹೊಸದುರ್ಗದ ರೈತನ ಪಹಣಿ, ಹೊಳಲ್ಕೆರೆಯ ವಿದ್ಯಾರ್ಥಿಯ ಪರೀಕ್ಷಾಫಲ ಇಂದು ಗಣಕಯಂತ್ರಗಳಲ್ಲಿವೆ. ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಗಣಕಗಳನ್ನು ಸಂಗ್ರಹಘಟಕಗಳಿಗೆ ಜೋಡಿಸುವ ಸ್ವಿಚ್ಚು ಕೆರೆಯ ತೂಬಿನಂತೆ. ಅದು ಕೆಟ್ಟರೆ ಸಂಗ್ರಹವಿದ್ದೂ ಕೈಗೆಟುಕದು.

ಬ್ರೊಕೇಡ್ ಸ್ವಿಚ್ಚುಗಳಲ್ಲಿ ಇದಕ್ಕೆಂದೇ ಮ್ಯಾಪ್ಸ್ ಎಂಬ ವ್ಯವಸ್ಥೆಯುಂಟು. ಅದರ ನಿಯಮಕ್ಕೆ ನಾಲ್ಕು ಅಂಗಗಳು: ಏನನ್ನು ಅಳೆಯಬೇಕು, ಎಷ್ಟು ಅವಧಿಯಲ್ಲಿ, ಮಿತಿ ಯಾವುದು, ಮೀರಿದರೆ ಮಾಡತಕ್ಕದ್ದೇನು. ಉದಾಹರಣೆಗೆ, ಒಂದು ಪೋರ್ಟಿನಲ್ಲಿ ನಿಮಿಷದೊಳಗೆ ಸಿಆರ್‌ಸಿ ದೋಷಗಳು ಮಿತಿ ಮೀರಿದರೆ ದಾಖಲಿಸಿ ಇ-ಮೇಲ್ ಕಳುಹಿಸುವುದು. ಫ್ಯಾನು, ವಿದ್ಯುತ್ ಪೂರೈಕೆ, ಉಷ್ಣತೆಗಳಿಗೂ ಹೀಗೆಯೇ.

ಸಡಿಲ, ಮಧ್ಯಮ, ಬಿಗಿ ಎಂಬ ಸಿದ್ಧನೀತಿಗಳಿವೆ. ಎಲ್ಲೆಡೆ ಬಿಗಿಯಾದುದನ್ನೇ ಹೂಡುವುದು ಜಾಣತನವಲ್ಲ. ಚಿತ್ರದುರ್ಗದ ಕೋಟೆಯ ಬತೇರಿಗಳೆಲ್ಲ ಹಗಲಿರುಳೂ ಕಹಳೆ ಊದುತ್ತಿದ್ದರೆ ಶತ್ರು ಬಂದುದು ತಿಳಿಯುವುದೆಂತು? ಆದುದರಿಂದ ಮಿತಿಯನ್ನು ವಿವೇಕದಿಂದ ನಿಗದಿಪಡಿಸಿ, ಎಚ್ಚರಿಕೆ ಯಾರಿಗೆ, ಅವರಿಲ್ಲದಾಗ ಮತ್ತಾರಿಗೆ ಎಂಬುದನ್ನು ಗೊತ್ತುಮಾಡಿ, ಪರೀಕ್ಷಾರ್ಥವಾಗಿ ಒಂದು ಇ-ಮೇಲ್ ಕಳುಹಿಸಿ ನೋಡತಕ್ಕದ್ದು. ಕೇಳುವವರಿಲ್ಲದ ಕಹಳೆ ಕಾವಲಲ್ಲ.