‘ಬಡತನ’ ಎಂದಷ್ಟೇ ಬರೆದರೆ ಸೊನ್ನೆ

ಸ್ಪ್ಯಾನಿಷ್ ಕಲಿಸುವವರಿಗೆ ವಲಸೆಯ ಪಾಠ ತಪ್ಪಿದ್ದಲ್ಲ. ಮೂಟೆ ಹೊತ್ತವರ ಒಂದು ಚಿತ್ರ, ಹತ್ತು ಹೊಸ ಪದ, ಕೊನೆಗೆ ‘ಇವರು ಕದ್ದು ಅಮೆರಿಕದ ಗಡಿ ದಾಟುವುದೇಕೆ?’ ಎಂಬ ಪ್ರಶ್ನೆ. ಇಡೀ ತರಗತಿ ‘ಬಡತನ’ ಎಂದು ಬರೆದು ಪುಸ್ತಕ ಮುಚ್ಚುತ್ತದೆ. ಹಾಗಾಗದಿರಲು ಕೆಲವು ಸೂತ್ರಗಳು.

1. ಒಂದೇ ದೇಶ ಹಿಡಿಯಿರಿ.
‘ಲ್ಯಾಟಿನ್ ಅಮೆರಿಕ’ ಯಾರ ಊರೂ ಅಲ್ಲ. ಹೊಂಡುರಾಸ್ ಆರಿಸಿಕೊಂಡರೆ 1998ರ ಮಿಚ್ ಚಂಡಮಾರುತ, 2009ರಲ್ಲಿ ಅಧ್ಯಕ್ಷರನ್ನೇ ಸೇನೆ ಹೊರಹಾಕಿದ್ದು, 2020ರ ನವೆಂಬರಿನಲ್ಲಿ ಬೆನ್ನುಬೆನ್ನಿಗೆ ಬಂದೆರಗಿದ ಎಟಾ, ಇಯೋಟಾ ಚಂಡಮಾರುತಗಳು. ವೆನೆಜುವೆಲಾದ ಕತೆಯೇ ಬೇರೆ: ತೈಲದ ಮೇಲೆ ಕೂತ ದೇಶದಲ್ಲಿ ಸಂಬಳಕ್ಕೆ ಕಿಮ್ಮತ್ತಿಲ್ಲದಂತಾಗಿ 70 ಲಕ್ಷಕ್ಕೂ ಹೆಚ್ಚು ಮಂದಿ ಹೊರಟರು. ಅವರಲ್ಲಿ ಹೆಚ್ಚಿನವರು ಹೋದದ್ದು ಅಮೆರಿಕಕ್ಕಲ್ಲ, ಕೊಲಂಬಿಯಾ, ಪೆರುವಿನಂಥ ದಕ್ಷಿಣ ಅಮೆರಿಕದ ದೇಶಗಳಿಗೆ.

2. ಕಾಫಿ ತೋಟಕ್ಕೆ ಕರೆದೊಯ್ಯಿರಿ.
2012ರಲ್ಲಿ ಎಲೆ ತುಕ್ಕು ರೋಗ ಗ್ವಾಟೆಮಾಲಾ, ಹೊಂಡುರಾಸ್‌ಗಳ ಅರೇಬಿಕಾ ತೋಟಗಳಿಗೆ ಬಡಿಯಿತು. ಚಿಕ್ಕಮಗಳೂರು, ಕೊಡಗಿನ ಕಡೆಯ ಹುಡುಗರಿದ್ದರೆ ಇದನ್ನು ವಿವರಿಸಬೇಕಿಲ್ಲ. ಎಲೆಯಡಿಯ ಕಿತ್ತಳೆ ಬಣ್ಣದ ಪುಡಿ, ಮುಟ್ಟಿದರೆ ಬೆರಳಿಗೆ ಅಂಟುವುದು, ಆಮೇಲೆ ಎಲೆ ಉದುರಿ ಗಿಡ ಬೋಳಾಗುವುದು ಅವರು ಕಂಡದ್ದೇ. ಆಗ ಮೊದಲು ತಪ್ಪುವುದು ಹಣ್ಣು ಕೊಯ್ಯುವವರ ಕೂಲಿ. ಹೊಸ ಗಿಡ ನೆಟ್ಟರೂ ಫಸಲಿಗೆ ಮೂರ್ನಾಲ್ಕು ವರ್ಷ. ಅಂಗಡಿಯ ಸಾಲ ಅಷ್ಟು ದಿನ ಕಾಯುವುದಿಲ್ಲ.

3. ಖರ್ಚಿನ ಲೆಕ್ಕ ಹಾಕಿಸಿ.
ಕಡುಬಡವ ಗಡಿಯವರೆಗೆ ಹೋಗುವುದೇ ಕಷ್ಟ. ದಾಟಿಸುವ ದಲ್ಲಾಳಿಗೆ ಅಲ್ಲಿ ‘ಕೊಯೋಟೆ’ ಎನ್ನುತ್ತಾರೆ. ಅವನ ದರ ಸಾವಿರಾರು ಡಾಲರ್. ಜಮೀನು ಒತ್ತೆಯಿಡಬೇಕು, ಇಲ್ಲವೇ ಆಗಲೇ ಅಮೆರಿಕದಲ್ಲಿರುವ ಅಣ್ಣ ಹಣ ಕಳಿಸಬೇಕು. ಹಿಡಿದು ವಾಪಸ್ ಕಳಿಸಿದವನು ಮತ್ತೆ ಏಕೆ ಹೊರಡುತ್ತಾನೆಂದು ಆಮೇಲೆ ಕೇಳಿ ನೋಡಿ. ಸಾಲದ ಬಡ್ಡಿ ಮಕ್ಕಳಿಗೇ ನೆನಪಾಗುತ್ತದೆ.

4. ‘ಕಾನೂನು ಪ್ರಕಾರವೇ ಹೋಗಬಹುದಿತ್ತಲ್ಲ?’ ಎಂಬ ಪ್ರಶ್ನೆಗೆ ತಯಾರಾಗಿರಿ.
ಯಾರಾದರೂ ಕೇಳೇ ಕೇಳುತ್ತಾರೆ. ಕೇಳದಿದ್ದರೆ ನೀವೇ ಕೇಳಿ. ನನ್ನ ಪ್ರಕಾರ ಇಡೀ ಪಾಠದ ತಿರುಳು ಇದು. ಹೆಚ್ಚು ತರಬೇತಿ ಬೇಡದ ಕೆಲಸಗಳಿಗೆ ಅಮೆರಿಕ ಕೊಡುವ ಗ್ರೀನ್ ಕಾರ್ಡ್, ಇಡೀ ಜಗತ್ತಿಗೆ, ಹೆಂಡತಿ ಮಕ್ಕಳೂ ಸೇರಿ, ವರ್ಷಕ್ಕೆ 10,000 ದಾಟುವಂತಿಲ್ಲ. ಅಲ್ಲಿನ ಪೌರನಾದ ಅಣ್ಣ ಮೆಕ್ಸಿಕೋದ ತಮ್ಮನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದರೆ 20 ವರ್ಷಕ್ಕೂ ಹೆಚ್ಚು ಕಾಯಬೇಕು. ಗ್ರೀನ್ ಕಾರ್ಡ್ ಕಾಯುತ್ತಲೇ ತಲೆ ನರೆಸಿಕೊಂಡ ಸಾಫ್ಟ್‌ವೇರ್ ನೆಂಟರು ಬೆಂಗಳೂರಿಗರಿಗೂ ಗೊತ್ತು. ಆದರೆ ಅವರು ಕಾಯುವುದು ಎಚ್-1ಬಿ ವೀಸಾ ಇಟ್ಟುಕೊಂಡು, ಸಂಬಳ ಎಣಿಸುತ್ತ. ಹೊಂಡುರಾಸ್‌ನ ಗಾರೆ ಕೆಲಸದವನಿಗೆ ಹಂಗಾಮಿ ವೀಸಾ ಸಿಗಬೇಕಾದರೂ ಅಮೆರಿಕದ ಮಾಲೀಕನೊಬ್ಬ ಮುಂದೆ ಬಂದು ಅರ್ಜಿ ಹಾಕಬೇಕು.

ಬಾಗಿಲು ಒಂದು ಕಾಲಕ್ಕೆ ತೆರೆದಿತ್ತು ಎಂಬುದನ್ನೂ ಹೇಳಿ. 1942ರಿಂದ 1964ರವರೆಗೆ ಬ್ರಸೆರೊ ಯೋಜನೆಯಡಿ ಮೆಕ್ಸಿಕೋದ ಕೂಲಿಗಳು ಕರಾರಿನ ಮೇಲೆ ಅಮೆರಿಕದ ಹೊಲಗಳಿಗೆ ಬರುತ್ತಿದ್ದರು. ಯೋಜನೆ ನಿಂತಿತು. ಹೊಲ ಅಲ್ಲೇ ಇತ್ತು, ಕೆಲಸ ಕೊಡುವ ಮಾಲೀಕನೂ ಇದ್ದ, ಕೂಲಿಗೆ ದಾರಿಯೂ ಗೊತ್ತಿತ್ತು; ಇಲ್ಲವಾದದ್ದು ಕಾಗದ ಮಾತ್ರ.

5. ಗ್ಯಾಂಗ್‌ಗಳ ಕತೆಯನ್ನು ಅರ್ಧಕ್ಕೆ ನಿಲ್ಲಿಸಬೇಡಿ.
ಎಲ್ ಸಾಲ್ವಡಾರ್ ಹೆಸರಿಗೆ ಅಂಟಿದ ಎಂಎಸ್-13 ಗ್ಯಾಂಗ್ ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲಿ, ಸ್ವದೇಶದ ಗಲಭೆ, ಯುದ್ಧಗಳಿಂದ ತಪ್ಪಿಸಿಕೊಂಡು ಬಂದ ಹುಡುಗರ ನಡುವೆ. 1992ರಲ್ಲಿ ಅಂತರ್ಯುದ್ಧ ಮುಗಿಯಿತು, ಅಮೆರಿಕದಿಂದ ಗಡೀಪಾರು ಹೆಚ್ಚಿತು, ಗ್ಯಾಂಗ್ ತವರಿಗೆ ಬಂತು. ಅಂಗಡಿಗೆ ಮಾಮೂಲಿ, ಹದಿಹರೆಯದವನಿಗೆ ‘ಸೇರು, ಇಲ್ಲವೇ ಸಾಯಿ’. ಆದರೆ 2022ರ ನಂತರ ಅಲ್ಲಿನ ಸರ್ಕಾರ ಸಾವಿರಾರು ಮಂದಿಯನ್ನು ಜೈಲಿಗೆ ತಳ್ಳಿ ಗ್ಯಾಂಗ್‌ಗಳ ಸೊಂಟ ಮುರಿದಿದೆ, ನಿರಪರಾಧಿಗಳೂ ಒಳಗಿದ್ದಾರೆಂಬ ದೂರುಗಳ ನಡುವೆ. ಹಳೆಯ ಟಿಪ್ಪಣಿ ಹಿಡಿದು ಪಾಠಕ್ಕೆ ಹೋಗಬೇಡಿ.

6. ವ್ಯಾಕರಣವನ್ನೂ ಇಲ್ಲೇ ಮುಗಿಸಿ.
ಎರಡು ಭೂತಕಾಲ ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಮಳೆ ಬರುತ್ತಿರಲಿಲ್ಲ, ಸಾಲ ಬೆಳೆಯುತ್ತಿತ್ತು: ಇಂಪೆರ್ಫೆಕ್ತೊ. ಒಂದು ದಿನ ಬೆದರಿಕೆಯ ಚೀಟಿ ಬಂತು, ಹೊರಟರು: ಪ್ರೆತೆರಿತೊ. ಕಾರಣ ಯಾವುದು, ನೆಪ ಯಾವುದು ಎಂದು ಕ್ರಿಯಾಪದವೇ ಬೇರ್ಪಡಿಸಿ ಕೊಡುತ್ತದೆ.

7. ಸಿನಿಮಾ ಒಂದು ಸಾಕು.
1983ರ ‘ಎಲ್ ನೋರ್ತೆ’ ಆಗಬಹುದು. ಸುರಂಗದಲ್ಲಿ ತೆವಳುವ ದೃಶ್ಯಕ್ಕೆ ಹಾರಬೇಡಿ. ಗ್ವಾಟೆಮಾಲಾದಲ್ಲಿ ನಡೆಯುವ ಮೊದಲ ಭಾಗವನ್ನೇ ತೋರಿಸಿ.

8. ಮಕ್ಕಳನ್ನು ಸಾಕ್ಷಿಗೆ ಕರೆಯಬೇಡಿ.
ಇದು ಅಮೆರಿಕದಲ್ಲಿ ಕಲಿಸುವ ಕನ್ನಡಿಗರಿಗೆ. ಕಾಗದವಿಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆ ಬಾಗಿಲು ಮುಚ್ಚುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪಿತ್ತಿದೆ. ಅಂಥ ಮಗು ನಿಮ್ಮ ಮುಂದಿನ ಬೆಂಚಿನಲ್ಲೇ ಇರಬಹುದು. ‘ನಿಮ್ಮ ಮನೆಯವರು ಹೇಗೆ ಬಂದರು?’ ಎಂದು ಕೇಳಲೇಬೇಡಿ. ಕಾಫಿ ಕೂಲಿ, ಕೊಯೋಟೆ, ಗಡಿ ಕಾವಲಿನವ ಎಂದು ಪಾತ್ರ ಹಂಚಿ ಮಾತಾಡಿಸಿ.