ಎಸ್ಸೆಸ್ಸೆಲ್ಸಿ ನಂತರ ಕೈಕೆಲಸದ ದಾರಿ: ಆರು ಹೆಜ್ಜೆಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮನೆಮನೆಯಲ್ಲೂ ಒಂದೇ ಪ್ರಶ್ನೆ: ‘ಸೈನ್ಸಾ, ಕಾಮರ್ಸಾ?’ ಎರಡೂ ಬೇಡ ಎಂದ ಮಗುವಿಗೆ, ‘ಇನ್ನೇನು, ಐಟಿಐಗೆ ಹಾಕಿ’ ಎಂಬ ಮಾತು ಶಿಕ್ಷೆಯಂತೆ ಬೀಳುತ್ತದೆ. ದಡ್ಡರಿಗೆ ಉಳಿದಿರುವ ದಾರಿ ಅದು ಎಂಬ ನಮ್ಮ ನಂಬಿಕೆಯೇ ಇಲ್ಲಿನ ದೊಡ್ಡ ತೊಡಕು. ಪಿಯುಸಿ ಕಾಲೇಜು ಹುಡುಕುವಾಗ ಪಡುವ ಕಾಳಜಿಯಲ್ಲಿ ಅರ್ಧದಷ್ಟನ್ನು ಇಲ್ಲಿಯೂ ಪಟ್ಟರೆ, ಪದವಿಯಿಲ್ಲದೆಯೂ ಮಗು ಗಟ್ಟಿಯಾಗಿ ನೆಲೆ ನಿಲ್ಲಬಲ್ಲದು. ಪೋಷಕರು, ಶಿಕ್ಷಕರು ಹೀಗೆ ಮುಂದುವರಿಯಬಹುದು.

1. ಮೊದಲು ಕೆಲಸ ತೋರಿಸಿ

ಇದಕ್ಕೆ ಫಲಿತಾಂಶದವರೆಗೆ ಕಾಯಬೇಡಿ. ಒಂಬತ್ತನೇ ತರಗತಿಯಲ್ಲೇ ಹತ್ತಿರದ ಸರ್ಕಾರಿ ಐಟಿಐಗೆ ಅನುಮತಿ ಕೇಳಿ ಕರೆದೊಯ್ಯಿರಿ. ಫಿಟ್ಟರ್ ವಿಭಾಗದಲ್ಲಿ ಹುಡುಗನೊಬ್ಬ ವೈಸ್‌ಗೆ ಕಬ್ಬಿಣದ ತುಂಡು ಬಿಗಿದು ಅರದಿಂದ ಉಜ್ಜುತ್ತಿರುತ್ತಾನೆ. ಸಮವಾಯಿತು ಅನ್ನಿಸಿದಾಗ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುತ್ತಾನೆ. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಉಜ್ಜಬೇಕು. ಅವನ ವರ್ನಿಯರ್ ಕ್ಯಾಲಿಪರ್ ತೋರಿಸುವುದು 0.02 ಮಿಲಿಮೀಟರ್ ಅಳತೆಯನ್ನು. ಅದನ್ನು ನೋಡುವಾಗ ನಿಮ್ಮ ಮಗು ಆಕಳಿಸುತ್ತದೆಯೋ, ‘ನಾನೊಮ್ಮೆ ಮಾಡಲೇ?’ ಎನ್ನುತ್ತದೆಯೋ ಗಮನಿಸಿ. ಗ್ಯಾರೇಜು, ಬೇಕರಿ, ಆಸ್ಪತ್ರೆಯ ಲ್ಯಾಬ್, ಟೈಲರಿಂಗ್ ಅಂಗಡಿಗಳನ್ನೂ ಹೀಗೆಯೇ ತೋರಿಸಿ.

2. ಆಯ್ಕೆಗಳನ್ನು ತಿಳಿಯಿರಿ

* ಐಟಿಐ: ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್ ಎರಡು ವರ್ಷ, ವೆಲ್ಡರ್, ಕಂಪ್ಯೂಟರ್ ಆಪರೇಟರ್ (ಕೋಪಾ) ಒಂದು ವರ್ಷ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸಲಾಗಿದೆ. ನಿಮ್ಮ ಊರಿನದು ಆ ಪಟ್ಟಿಯಲ್ಲಿದೆಯೇ ಎಂದು ಕೇಳಿ.
* ಪಾಲಿಟೆಕ್ನಿಕ್ ಡಿಪ್ಲೊಮಾ: ಮೂರು ವರ್ಷ. ಗಣಿತ, ವಿಜ್ಞಾನ ಒಗ್ಗುವವರಿಗೆ.
* ಜಿಟಿಟಿಸಿ: ಡೆನ್ಮಾರ್ಕ್ ನೆರವಿನೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್‌ರೂಮ್. ಈಗ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳಿವೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಯಂತ್ರದ ಮುಂದೆ ನಿಂತು ಕಲಿಯುವುದೇ ಹೆಚ್ಚು.
* ಪ್ಯಾರಾಮೆಡಿಕಲ್ ಡಿಪ್ಲೊಮಾ: ಲ್ಯಾಬ್, ಎಕ್ಸ್‌-ರೇ, ಆಪರೇಷನ್ ಥಿಯೇಟರ್ ತಂತ್ರಜ್ಞರಾಗಲು.

ಹೆಣ್ಣುಮಕ್ಕಳಿಗೆ ಹೊಲಿಗೆಯೇ ಸರಿ ಎಂದು ನೀವೇ ತೀರ್ಮಾನಿಸಬೇಡಿ. ಎಲೆಕ್ಟ್ರಾನಿಕ್ಸ್, ಸಿಎನ್‌ಸಿ ಯಂತ್ರಗಳ ಕೆಲಸಕ್ಕೆ ಬೇಕಾದದ್ದು ತಾಳ್ಮೆ ಮತ್ತು ನಿಖರತೆ.

3. ಶುಲ್ಕ ಕಟ್ಟುವ ಮೊದಲು ಪರೀಕ್ಷಿಸಿ

‘ನೂರಕ್ಕೆ ನೂರು ಉದ್ಯೋಗ ಗ್ಯಾರಂಟಿ’ ಎಂಬ ಬ್ಯಾನರ್‌ ನಂಬಿ ಹಣ ಕಟ್ಟಬೇಡಿ. ಐಟಿಐ ಆದರೆ ನಿಮಗೆ ಬೇಕಾದ ಟ್ರೇಡಿಗೇ ಮಾನ್ಯತೆ ಇದೆಯೇ, ಕೊನೆಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಸಿಗುತ್ತದೆಯೇ ನೋಡಿ. ಡಿಪ್ಲೊಮಾ ಆದರೆ ಎಐಸಿಟಿಇ ಅನುಮೋದನೆ, ಪ್ಯಾರಾಮೆಡಿಕಲ್ ಆದರೆ ರಾಜ್ಯ ಪ್ಯಾರಾಮೆಡಿಕಲ್ ಮಂಡಳಿಯ ಮಾನ್ಯತೆ ಇರಲೇಬೇಕು. ವರ್ಕ್‌ಶಾಪ್ ನೋಡದೆ ದಾಖಲು ಮಾಡಬೇಡಿ. ಯಂತ್ರಗಳ ಮೇಲೆ ಧೂಳು ಕೂತಿದ್ದರೆ ಅಲ್ಲಿ ಕಲಿಕೆ ನಡೆಯುತ್ತಿಲ್ಲ ಎಂದೇ ಅರ್ಥ. ಕಳೆದ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ ಎಂದು ಕೇಳಿ, ಸಾಧ್ಯವಾದರೆ ಅವರಲ್ಲಿ ಒಬ್ಬಿಬ್ಬರ ಜತೆ ನೀವೇ ಮಾತನಾಡಿ.

4. ಅಪ್ರೆಂಟಿಸ್‌ಶಿಪ್ ಬಿಡಬೇಡಿ

ಐಟಿಐ ಮುಗಿದ ಕೂಡಲೇ ಸಿಕ್ಕ ಕೆಲಸಕ್ಕೆ ಓಡುವುದು ಸಾಮಾನ್ಯ. ಅದಕ್ಕಿಂತ ಒಂದು ವರ್ಷ ದೊಡ್ಡ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಕಲಿಯುವುದು ಲೇಸು. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಸ್ಟೈಪೆಂಡ್ ಕೊಡಲೇಬೇಕು. ಎಚ್‌ಎಎಲ್, ಬಿಇಎಲ್, ಬಿಇಎಂಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆಗಳು ಅರ್ಜಿ ಕರೆಯುತ್ತಿರುತ್ತವೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಒಪ್ಪಂದಪತ್ರದ ಪ್ರತಿ ನಿಮ್ಮ ಬಳಿಯೂ ಇರಲಿ.

5. ನೌಕರಿಯೋ, ಸ್ವಂತ ಕೆಲಸವೋ?

ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜತೆ ನಿಗದಿತ ಟ್ರೇಡಿನ ಐಟಿಐ ಇದ್ದರೆ ಅರ್ಜಿ ಹಾಕಬಹುದು. ವಿದ್ಯುತ್ ಸರಬರಾಜು ಕಂಪನಿಗಳ ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಎಸ್ಸೆಸ್ಸೆಲ್ಸಿಯೇ ಅರ್ಹತೆ. ಸ್ವಂತವಾಗಿ ವೈರಿಂಗ್ ಕೆಲಸ ಹಿಡಿಯುವವರು ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಗಿ ಪಡೆಯಲಿ. ಅದಿಲ್ಲದಿದ್ದರೆ ಎಷ್ಟೇ ಕೆಲಸ ಬಲ್ಲವರೂ ಇನ್ನೊಬ್ಬರ ಕೈಕೆಳಗೇ ಉಳಿಯಬೇಕಾಗುತ್ತದೆ.

ಅಂಗಡಿ ತೆರೆಯುವ ಆಸೆಯುಳ್ಳವರಿಗೆ 18 ತುಂಬಿದ ಮೇಲೆ ರುಡ್‌ಸೆಟ್ ಮತ್ತು ಆರ್‌ಸೆಟಿ ಕೇಂದ್ರಗಳು ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತವೆ. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಮಾದರಿಯೇ ಮುಂದೆ ದೇಶದ ಆರ್‌ಸೆಟಿಗಳಿಗೆ ಬುನಾದಿಯಾಯಿತು. ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವ ಬಗೆಯನ್ನೂ ಅಲ್ಲಿ ಕಲಿಸುತ್ತಾರೆ.

6. ಓದಿನ ಬಾಗಿಲು ತೆರೆದಿರಲಿ

ಎರಡು ವರ್ಷದ ಐಟಿಐ ಮುಗಿಸಿದವರು ನೇರವಾಗಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಹದಿನಾರರಲ್ಲಿ ಬೇಡವೆಂದ ಓದು ಇಪ್ಪತ್ತೆರಡರಲ್ಲಿ ಬೇಕೆನಿಸಿದರೆ ದಾರಿ ಇದೆ.

ಒಂದು ಮಾತು ಮುಚ್ಚಿಡಬಾರದು. ಮೊದಲ ಒಂದೆರಡು ವರ್ಷ ಸಂಬಳ ಕಡಿಮೆ, ಶಿಫ್ಟ್ ಕೆಲಸ ದಣಿಸುತ್ತದೆ, ಗುತ್ತಿಗೆ ನೌಕರಿಯೇ ಹೆಚ್ಚು. ಆ ಅವಧಿಯಲ್ಲಿ ಹೊಸ ಯಂತ್ರ, ಹೊಸ ಸಾಫ್ಟ್‌ವೇರ್ ಕಲಿಯುತ್ತಾ ಹೋದವರು ಮುಂದೆ ಬರುತ್ತಾರೆ. ಕಲಿಕೆ ನಿಲ್ಲಿಸಿದವರು ಅಲ್ಲೇ ಉಳಿಯುತ್ತಾರೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ.

ಶಿಕ್ಷಕರಲ್ಲಿ ಒಂದು ವಿನಂತಿ: ಈ ವರ್ಷ ನಿಮ್ಮ ಶಾಲೆಯ ಮಕ್ಕಳನ್ನು ಒಂದು ದಿನ ಹತ್ತಿರದ ಐಟಿಐಗೆ ಕರೆದೊಯ್ಯಿರಿ. ಅಂಕ ಕಡಿಮೆ ಬಂದವರನ್ನಷ್ಟೇ ಅಲ್ಲ, ಇಡೀ ತರಗತಿಯನ್ನು.