ಸ್ಟೆಪ್ನಿ ಇಲ್ಲದ ಕಾರು, ಕಾಮಸಮುದ್ರದ ದಾರಿ

ಕಾರಿನ ಡಿಕ್ಕಿಯಲ್ಲಿರುತ್ತಿದ್ದ ಐದನೆಯ ಚಕ್ರಕ್ಕೆ ಬಂಗಾರಪೇಟೆ, ಕೆಜಿಎಫ್ ಕಡೆಯ ಚಾಲಕರು ಹೇಳುವ ‘ಸ್ಟೆಪ್ನಿ’ ಎಂಬ ಹೆಸರು, ವೇಲ್ಸ್ ದೇಶದ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 20ನೆಯ ಶತಮಾನದ ಆರಂಭದಲ್ಲಿ ತಯಾರಾದ ಬದಲಿ ಚಕ್ರದಿಂದ ಬಂದದ್ದು. ಪದ ಉಳಿದಿದೆ, ವಸ್ತು ಇಳಿಯುತ್ತಿದೆ. 2020ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯು, ಗಾಳಿಯ ಒತ್ತಡ ಕುಸಿದಾಗ ಚಾಲಕನನ್ನು ಎಚ್ಚರಿಸುವ ಟಿಪಿಎಂಎಸ್ ವ್ಯವಸ್ಥೆಯೂ ಪಂಚರ್ ಕಿಟ್ಟೂ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿತು. ಸಿಎನ್‌ಜಿ ಸಿಲಿಂಡರಿಗೆ ಜಾಗ ಬೇಕೆಂದು ಸ್ಟೆಪ್ನಿಯನ್ನು ತಾವಾಗಿಯೇ ತೆಗೆದಿಟ್ಟವರೂ ಇದ್ದಾರೆ.

ಪಂಚರ್ ಕಿಟ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಎರಡು: ಟೈರಿನೊಳಗೆ ಹೋಗಿ ತೂತನ್ನು ಮುಚ್ಚುವ ಅಂಟು ದ್ರವ, ಅಂದರೆ ಸೀಲಂಟ್, ಮತ್ತು ಕಾರಿನ 12 ವೋಲ್ಟ್ ಸಾಕೆಟ್ಟಿನಿಂದ ಓಡುವ ಪುಟ್ಟ ಗಾಳಿಯಂತ್ರ. ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದ ಸಣ್ಣ ತೂತಿಗೆ ಸೀಲಂಟ್ ಸಾಕಾಗುತ್ತದೆ. ಆಗ ಮೊಳೆಯನ್ನು ಕೀಳದೆ ಬಿಡುವುದೇ ಲೇಸು, ಏಕೆಂದರೆ ಕಿತ್ತರೆ ತೂತು ಬಾಯಿ ತೆರೆದು ದ್ರವ ಸೋರಿಹೋಗುತ್ತದೆ. ಆದರೆ ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಅಂಚಿಗೆ ಬಡಿದು ಟೈರಿನ ಪಕ್ಕೆ ಸೀಳಿದರೆ ಸೀಲಂಟಾಗಲಿ, ಪಂಚರ್ ಅಂಗಡಿಯವರು ತುರುಕುವ ರಬ್ಬರ್ ಪಟ್ಟಿಯಾಗಲಿ ಕೆಲಸಕ್ಕೆ ಬಾರದು. ಸೀಲಂಟ್ ಡಬ್ಬಿಗೆ ಔಷಧದಂತೆಯೇ ಅವಧಿ ಇದೆ ಎಂಬುದು ಅನೇಕರಿಗೆ ಗೊತ್ತಾಗುವುದು ಅದನ್ನು ಮೊದಲ ಬಾರಿ ಕೈಗೆತ್ತಿಕೊಂಡಾಗ, ಅದೂ ಕತ್ತಲಲ್ಲಿ. ಆದ್ದರಿಂದ ಡಬ್ಬಿಯ ಮೇಲಿನ ತಾರೀಖು ನೋಡುವುದನ್ನೂ ಗಾಳಿಯಂತ್ರವನ್ನು ಒಮ್ಮೆ ಓಡಿಸುವುದನ್ನೂ ಮನೆಯಂಗಳದಲ್ಲೇ ಮುಗಿಸಬೇಕು.

ಸ್ಟೆಪ್ನಿ ಇಲ್ಲದವನಿಗೆ ಪಂಚರ್ ಅಂಗಡಿಯೇ ಸ್ಟೆಪ್ನಿ. ಹಗಲಿನಲ್ಲಿ ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯ ಪೇಟೆಯೊಳಗೋ ಟೈರ್ ಇಳಿದರೆ ಅದು ಸಣ್ಣ ತೊಂದರೆಯಷ್ಟೆ. ಕಾಮಸಮುದ್ರದ ಕಡೆ ಹಾಗಲ್ಲ: ರಾಜ್ಯದ ಗಡಿಯಾಚೆಯ ಕಾಡಿನಿಂದ ಆನೆಗಳು ಇಳಿದು ಬರುವ ಆ ಸೀಮೆಯಲ್ಲಿ ಕತ್ತಲಾದ ಮೇಲೆ ರಸ್ತೆಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಟೈರು ತಡವುವುದು ಜಾಣತನವಲ್ಲ. ಆದ್ದರಿಂದ ಯಾವ ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ ಎಂಬ ತಿಳಿವಳಿಕೆಯೂ, ಹೊರಡುವ ಮುನ್ನ ತಣ್ಣಗಿರುವ ಟೈರಿನ ಗಾಳಿ ನೋಡುವ ಅಭ್ಯಾಸವೂ ಕಿಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಸೀಲಂಟ್ ಹಾಕಿದ್ದನ್ನು ಅಂಗಡಿಯವರಿಗೆ ಮೊದಲೇ ಹೇಳದಿದ್ದರೆ ಟೈರು ಬಿಚ್ಚಿದ ಕೂಡಲೆ ಅಂಟು ಮೈಮೇಲೆ ಸುರಿದು ಬೈಗುಳ ಖಚಿತ.

ಸ್ಟೆಪ್ನಿ ತೆಗೆದವರು ಆ ಚಕ್ರವನ್ನು ಗಾಳಿ ತುಂಬಿಸಿ ಮನೆಯಲ್ಲಿಟ್ಟು, ಜಾಕಿಯನ್ನೂ ವೀಲ್ ಸ್ಪ್ಯಾನರನ್ನೂ ಕಾರಿನಲ್ಲೇ ಉಳಿಸಿಕೊಂಡರೆ, ಊರ ಸುತ್ತಿನ ದಾರಿಯಲ್ಲಿ ಒಂದು ಫೋನ್ ಕರೆಗೆ ಮನೆಯವರು ಚಕ್ರವನ್ನು ಬೈಕಿನ ಹಿಂದೆ ಕಟ್ಟಿ ತಂದುಕೊಡಬಲ್ಲರು. ಅದರ ಬದಲು ನೆರೆಮನೆಯ ಕಾರಿನ ಚಕ್ರ ತರಿಸಿದರೆ ಬೋಲ್ಟಿನ ಅಳತೆ ಹೊಂದದೆ ಕೂರದಿರಬಹುದು. ಬೇತಮಂಗಲದ ಬಳಿ ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಮನೆಯಿಂದ ಚಕ್ರ ತರಿಸುವ ಉಪಾಯವೂ ನಡೆಯದು, ಏಕೆಂದರೆ ಅಲ್ಲಿ ಬೈಕಿಗೆ ಪ್ರವೇಶವಿಲ್ಲ. ಅಲ್ಲಿ ಟೈರ್ ಇಳಿದರೆ ಕಾರನ್ನು ಎಡಕ್ಕೆ ನಿಲ್ಲಿಸಿ, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು, ಜನರನ್ನು ತಡೆಬೇಲಿಯ ಆಚೆ ಕಳಿಸಿ, ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಬೇಕು.